ಒಂಟಿಕಣ್ಣನ ಪಾರ್ಸಲ್ಲು

ಕನ್ನಡಕದ ಎರಡು ಗಾಜುಗಳು ಅವಳಿ-ಜವಳಿಯಲ್ಲ. ಬೇರೆ ಬೇರೆ ಹುಟ್ಟಿ, ಬೇರೆ ಬೇರೆ ಯಂತ್ರದಲ್ಲಿ ಉಜ್ಜಿಸಿಕೊಂಡು, ಕೊನೆಗೆ ಒಂದೇ ಚೌಕಟ್ಟಿನಲ್ಲಿ ಅಕ್ಕಪಕ್ಕ ಕೂರುತ್ತವೆ. ಇಷ್ಟು ಸಣ್ಣ ಸಂಗತಿಯನ್ನು ಕಂಪ್ಯೂಟರಿಗೆ ಅರ್ಥ ಮಾಡಿಸುವುದರಲ್ಲಿ ಟ್ರೇ ಅಕ್ಕ ಹೈರಾಣಾಗಿಹೋದರು.

ನಾವು ಕನ್ನಡಕದ ಅಂಗಡಿಗಳು ಕಳಿಸುವ ಚೀಟಿ ನೋಡಿ ಗಾಜು ಉಜ್ಜಿ, ಅಂಚು ಕತ್ತರಿಸಿ, ಚೌಕಟ್ಟಿಗೆ ಕೂರಿಸಿ ಕೊಡುವವರು. ಒಂದು ಆರ್ಡರಿಗೆ ಒಂದು ಪ್ಲಾಸ್ಟಿಕ್ ಟ್ರೇ. ಅದು ಮೇಜಿನಿಂದ ಮೇಜಿಗೆ ನಡೆಯುತ್ತದೆ. ನಡೆಸುವವರು ಟ್ರೇ ಅಕ್ಕ. ಅಂಚು ಕತ್ತರಿಸುವಾಗ ಒಂದು ಗಾಜಿಗೆ ಚಕ್ಕೆ ಎದ್ದರೆ ಅದೊಂದನ್ನು ಮೊದಲಿಂದ ಮಾಡಬೇಕು. ಅಲ್ಲಿಯವರೆಗೆ ಅದರ ಜೊತೆಗಾರ ಗೋಡೆ ಪಕ್ಕದ ಕಪಾಟಿನಲ್ಲಿ ಕಾಯಬೇಕು. ಯಾವ ಗಾಜು ಯಾವುದಕ್ಕಾಗಿ ಕಾಯುತ್ತಿದೆ ಎಂಬುದು ಇದ್ದದ್ದು ಅಕ್ಕನ ತಲೆಯಲ್ಲಿ ಮಾತ್ರ. ಆ ತಲೆಯೂ ತಪ್ಪುತ್ತಿತ್ತು. ಒಬ್ಬ ಮೇಷ್ಟ್ರಿಗೆ ಇನ್ಯಾರದೋ ಎಡಗಣ್ಣಿನ ಗಾಜು ಹೋಗಿ, ಅವರು ವಾರವೆಲ್ಲ ಮೆಟ್ಟಿಲು ಎಡವಿದ್ದರು. ಆದರೂ ಆ ತಲೆ ಬಿಟ್ಟರೆ ಬೇರೆ ಗತಿಯಿರಲಿಲ್ಲ. ಹಾಗಾಗಿ ಅಕ್ಕನಿಗೆ ರಜೆಯೂ ಇರಲಿಲ್ಲ.

ಗಾಜಿನ ಪವರ್ ಅಳೆಯುವ ನನ್ನ ಮೇಜು ಅವರ ಪಕ್ಕದಲ್ಲಿತ್ತು. ಬೆಳಗಿನಿಂದ ಸಂಜೆಯವರೆಗೆ ಕಿವಿಗೆ ಬೀಳುತ್ತಿದ್ದದ್ದು ಒಂದೇ ರಾಗ. "ಅಕ್ಕಾ, ಈ ನೀಲಿ ಟ್ರೇದು ಬಲಗಣ್ಣು ಎಲ್ಲಿ?" ರಾಗ ತೆಗೆಯುವವನು ಉಜ್ಜಪ್ಪ. ಹೆಸರು ಬೇರೆ ಇತ್ತು. ಉಜ್ಜುವ ಯಂತ್ರದ ಮುಂದೆ ನಿಂತೂ ನಿಂತೂ ಉಜ್ಜಪ್ಪನಾಗಿದ್ದ.

"ನಿನ್ನ ಹಣೇಲೇ ಇದೆ ನೋಡು, ಎರಡು ಕಣ್ಣು. ಅದನ್ನ ಉಪಯೋಗಿಸಿ ಹುಡುಕು," ಎನ್ನುತ್ತಲೇ ಅಕ್ಕ ಎದ್ದು ಹೋಗಿ ತೆಗೆದುಕೊಡುತ್ತಿದ್ದರು.

ಮೊದಲು ಬಂದದ್ದು ರೆಡಿಮೇಡ್ ಸಾಫ್ಟ್‌ವೇರ್. ಮಾರಲು ಬಂದವನು ಯಜಮಾನರಿಗೆ, "ಎಷ್ಟೋ ಅಂಗಡೀಲಿ ಓಡ್ತಿದೆ ಸಾರ್, ಕಣ್ಣು ಮುಚ್ಕೊಂಡು ತಗೊಳ್ಳಿ," ಎಂದ. ಕನ್ನಡಕದ ಕಾರ್ಖಾನೆಯಲ್ಲಿ ಆಡುವ ಮಾತೇ ಅದು? ಆದರೆ ನ್ಯಾಯವಾಗಿ ಹೇಳಬೇಕೆಂದರೆ ಅದು ಬೇಗ ಬಂತು, ಬಿಲ್ಲು ತಪ್ಪಿಲ್ಲದೆ ಹಾಕಿತು, ದಾಸ್ತಾನು ಸರಿಯಾಗಿ ತೋರಿಸಿತು. ತೊಂದರೆ ಒಂದೇ. ಅದನ್ನು ಮಾಡಿದ್ದು ಕನ್ನಡಕ ಮಾರುವ ಅಂಗಡಿಗಳಿಗಾಗಿ. ಅಂಗಡಿಯಲ್ಲಿ ಯಾರೂ ಅರ್ಧ ಕನ್ನಡಕ ಮಾರುವುದಿಲ್ಲ. ಜೋಡಿಯೆಂದರೆ ಅದರ ಲೆಕ್ಕದಲ್ಲಿ ಒಂದೇ ವಸ್ತು. ಚಕ್ಕೆ ಎದ್ದ ಒಂದು ಗಾಜನ್ನು ಮಾತ್ರ ಮತ್ತೆ ಮಾಡಿಸಲು ಅದರಲ್ಲಿ ದಾರಿಯೇ ಇರಲಿಲ್ಲ.

ದಾರಿಯನ್ನು ಅಕ್ಕನೇ ಮಾಡಿಕೊಂಡರು. 'ಒಂಟಿಕಣ್ಣ' ಎಂಬ ಹೊಸ ಗಿರಾಕಿಯನ್ನು ಸೃಷ್ಟಿಸಿದರು. ವಿಳಾಸ ಹಾಕದೆ ಕಂಪ್ಯೂಟರ್ ಮುಂದಿನ ಪರದೆಗೆ ಹೋಗಲಿಲ್ಲವಾದ್ದರಿಂದ ನಮ್ಮ ಕಾರ್ಖಾನೆಯದೇ ವಿಳಾಸ ಕೊಟ್ಟರು. ಚಕ್ಕೆ ಎದ್ದ ಗಾಜುಗಳೆಲ್ಲ ಇನ್ನು ಒಂಟಿಕಣ್ಣನ ಆರ್ಡರು. ಯಾವ ಟ್ರೇಗೆ ಯಾವ ಒಂಟಿಕಣ್ಣ ಎಂಬುದು ಮಾತ್ರ ಮತ್ತೆ ಅಕ್ಕನ ತಲೆಯಲ್ಲೇ ಉಳಿಯಿತು.

ವರ್ಷದ ಕೊನೆಗೆ ಯಜಮಾನರು ವರದಿ ಹಿಡಿದುಕೊಂಡು ಬಂದರು. "ಇದ್ಯಾರಮ್ಮ ಈ ಒಂಟಿಕಣ್ಣ? ನಮ್ಮ ಎಲ್ಲಾ ಗಿರಾಕಿಗಳಿಗಿಂತ ಜಾಸ್ತಿ ಆರ್ಡರ್ ಕೊಟ್ಟಿದ್ದಾನೆ! ಒಂದ್ಸಲ ಕರೆಸಿ, ಮಾತಾಡೋಣ."

ಉಜ್ಜಪ್ಪ ಯಂತ್ರದ ಹಿಂದೆ ಬಗ್ಗಿಬಿಟ್ಟ. ಅಕ್ಕ ನಿಜ ಹೇಳಿದರು. ಯಜಮಾನರ ಮುಖ ಹುಳ್ಳಗಾಯಿತು. ರೆಡಿಮೇಡ್ ನಮಗೆ ಸರಿಹೋಗುವುದಿಲ್ಲ, ಅಳತೆ ಕೊಟ್ಟೇ ಹೊಲಿಸಬೇಕು ಎಂದು ಅಂದೇ ತೀರ್ಮಾನಿಸಿದರು.

ಅದೇ ತಿಂಗಳು ಅಕ್ಕನ ಮಗಳು ಫೋನ್ ಮಾಡಿ ಬಸುರಿಯಾಗಿರುವ ಸುದ್ದಿ ಹೇಳಿದಳು. ಅವಳಿದ್ದದ್ದು ಒಂದು ಹಗಲಿನ ಬಸ್ ದೂರದ ಊರಿನಲ್ಲಿ. ಹಿಂದೆ ಒಂದು ಸಲ ಬಸಿರು ನಿಲ್ಲದೆ ಹೋಗಿತ್ತು. ಹಾಗಾಗಿ ಈ ಸಲ ಪ್ರಯಾಣವೇ ಬೇಡ ಎಂದು ಡಾಕ್ಟರು ಹೇಳಿದ್ದರು. "ಹೆರಿಗೆ ಹೊತ್ತಿಗೆ ನೀನು ಇಲ್ಲಿರ್ಬೇಕು ಅಮ್ಮಾ. ಹೋದ್ಸಲದ ಹಾಗೆ ಫೋನಲ್ಲಿ ಅಳೋಕೆ ನನ್ನ ಕೈಲಾಗಲ್ಲ," ಎಂದಿದ್ದಳು. ಅಕ್ಕ ಮಾತು ಕೊಟ್ಟರು. ಮರುದಿನವೇ ಒಂದು ತಿಂಗಳ ರಜೆ ಕೇಳಿದರು.

"ಧಾರಾಳವಾಗಿ ಹೋಗಿಬನ್ನಿ ಅಮ್ಮ," ಎಂದರು ಯಜಮಾನರು. "ಹೊಸ ಸಿಸ್ಟಮ್ ಬಂದ್ಬಿಡ್ಲಿ. ಅಷ್ಟರಲ್ಲಿ ಬಂದೇ ಬರುತ್ತೆ."

ಹಾಗೆ ಅಳತೆಗೆ ಸಾಫ್ಟ್‌ವೇರ್ ಹೊಲಿದುಕೊಡುವ ಕಂಪನಿಯಿಂದ ಒಬ್ಬರು ಪ್ರಶ್ನೆಗಳ ಪಟ್ಟಿ ಹಿಡಿದು ಬಂದರು. ನಾವು ಅವರಿಗಿಟ್ಟ ಹೆಸರು ಪ್ರಶ್ನೆ ಸಾರ್. ಎಲ್ಲವನ್ನೂ ಮೊದಲೇ ಬರೆದು, ಸಹಿ ಹಾಕಿಸಿ, ಆಮೇಲೆ ಕಟ್ಟುವುದು ಅವರ ಕ್ರಮ. ಅದರಲ್ಲೂ ಅರ್ಥವಿತ್ತು. ಮನೆಗೆ ನಕ್ಷೆಯಿಲ್ಲದೆ ಪಾಯ ತೋಡಬಾರದು. ತಿಂಗಳುಗಟ್ಟಲೆ ಕೇಳಿದರು, ಬರೆದರು. ದಿಂಬಿನಷ್ಟು ದಪ್ಪದ ಕಾಗದದ ಕಟ್ಟು ತಯಾರಾಯಿತು. ಅಕ್ಕ ಪ್ರತಿ ಹಾಳೆಗೂ ಸಹಿ ಹಾಕಬೇಕಿತ್ತು. ಒಂದು ಕೈಯಲ್ಲಿ ಟ್ರೇ, ಒಂದು ಕೈಯಲ್ಲಿ ಪೆನ್ನು ಹಿಡಿದು ಹಾಕುತ್ತ ಹೋದರು. ಅದನ್ನೆಲ್ಲ ಓದುತ್ತ ಕೂತರೆ ಟ್ರೇ ನಡೆಸುವವರು ಯಾರು?

ಮಗಳಿಗೆ ಎಂಟು ತಿಂಗಳು ತುಂಬಿದಾಗ ಸಿಸ್ಟಮ್ ಬಂತು. ನೋಡಲು ಅಂದವಾಗಿತ್ತು. ಮುಗಿದ ಕೆಲಸವನ್ನು ಯಾರೂ ಹೇಳದೆಯೇ ಪ್ಯಾಕಿಂಗಿಗೆ ಕಳಿಸುತ್ತಿತ್ತು, ವಿಳಾಸದ ಚೀಟಿ ತಾನೇ ಮುದ್ರಿಸುತ್ತಿತ್ತು. ಮೊದಲ ದಿನ ಚಕ್ಕೆ ಎದ್ದ ಗಾಜುಗಳನ್ನು ಉಜ್ಜಪ್ಪ ಮತ್ತೆ ಮಾಡಿ ಮುಗಿಸಿದ. ಅಕ್ಕ ಕಪಾಟಿನಲ್ಲಿದ್ದ ಜೊತೆಗಾರರನ್ನು ಸಾಲಾಗಿಟ್ಟುಕೊಂಡು ಕಾದರು. ಹೊಸ ಗಾಜು ಒಂದೂ ಬರಲಿಲ್ಲ. ಸಂಜೆಯವರೆಗೆ ಹುಡುಕಿದೆವು. ಕಸದ ಬುಟ್ಟಿಯನ್ನೂ ಬಿಡಲಿಲ್ಲ.

ಮರುದಿನ ಮಧ್ಯಾಹ್ನ ಬಾಗಿಲಲ್ಲಿ ಕೊರಿಯರ್‌ನವನು ನಿಂತಿದ್ದ. "ಒಂಟಿಕಣ್ಣ ಅನ್ನೋರು ಇಲ್ಲೇ ಇರೋದಾ? ಪಾರ್ಸಲ್ ಇದೆ."

ಒಳಗೆ ನಮ್ಮದೇ ಗಾಜುಗಳು ಹತ್ತಿಯಲ್ಲಿ ಸುತ್ತಿಸಿಕೊಂಡು ಬೆಚ್ಚಗೆ ಕೂತಿದ್ದವು. ಹಳೆಯ ಸಾಫ್ಟ್‌ವೇರಿನ ಗಿರಾಕಿಗಳನ್ನು ಹೊಸದಕ್ಕೆ ಇಳಿಸಿಕೊಳ್ಳುವಾಗ ಒಂಟಿಕಣ್ಣನೂ ಗೌರವದಿಂದ ಇಳಿದುಬಂದಿದ್ದ. ಗಾಜುಗಳು ಊರೆಲ್ಲ ಸುತ್ತಿ ಹೊರಟಲ್ಲಿಗೇ ಬಂದಿದ್ದವು.

ಅಕ್ಕ ಪ್ರಶ್ನೆ ಸಾರನ್ನು ಕರೆಸಿದರು.

"ಒಂಟಿಕಣ್ಣ ಗಿರಾಕಿಯಲ್ಲ ಅಂತ ನೀವು ಹೇಳ್ಲೇ ಇಲ್ವಲ್ಲಮ್ಮ," ಎಂದರು ಅವರು.

"ನೀವು ಕೇಳ್ಲಿಲ್ಲ."

"ಪಟ್ಟೀಲಿ ಆ ಪ್ರಶ್ನೆ ಇರ್ಲಿಲ್ಲ. 'ವಿಶೇಷ ಗಿರಾಕಿ, ಒಂಟಿ ಗಾಜು' ಅಂತ ಬರ್ದಿದೀನಿ. ಕೆಳಗೆ ನಿಮ್ಮ ಸಹಿ ಇದೆ."

"ಸಹಿ ಇದೆ, ಒಪ್ಕೊಂಡೆ. ಈಗ ಅವನನ್ನ ತೆಗೀರಿ."

"ಹಾಗೆಲ್ಲ ತೆಗೆಯೋಕಾಗಲ್ಲ. ಅವನ ಮೇಲೇ ಬೇಕಾದಷ್ಟು ಕಟ್ಟಿದೀವಿ. ಬದಲಾವಣೆ ಅರ್ಜಿ ಕೊಡಿ, ಎರಡು ತಿಂಗಳಲ್ಲಿ ನೋಡೋಣ."

ಎರಡು ತಿಂಗಳು! ಅಕ್ಕ ಕೈಯಲ್ಲಿದ್ದ ಟ್ರೇಯನ್ನು ಮೇಜಿಗೆ ಕುಕ್ಕಿದರು. ಗಾಜಿರುವ ಟ್ರೇಯನ್ನು ಅವರು ಕುಕ್ಕಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಪಕ್ಕದ ಬೀದಿಯ ಪ್ರಿಂಟರ್ ಮೇಡಂ ವಿಳಾಸದ ಚೀಟಿ ಮುದ್ರಿಸುವ ಯಂತ್ರ ರಿಪೇರಿಗೆ ಬಂದವರು ಇದನ್ನೆಲ್ಲ ಕೇಳಿಸಿಕೊಂಡರು. "ಅಕ್ಕಾ, ಎಲ್ಲಾ ಒಟ್ಟಿಗೆ ಯಾಕೆ ಬೇಕು? ಇವತ್ತು ನಿಮ್ಮ ಜೀವ ತಿಂತಿರೋದು ಯಾವುದು, ಅದೊಂದನ್ನ ಹೇಳಿ," ಎಂದರು.

"ಕಪಾಟು."

ಮರುದಿನ ಮೇಡಂ ತಾವೇ ಬರೆದ ಒಂದೇ ಒಂದು ಪರದೆ ತಂದು ಕಂಪ್ಯೂಟರಿಗೆ ಹಾಕಿದರು. ಯಾವ ಟ್ರೇ, ಯಾವ ಕಣ್ಣು, ಯಾವ ಖಾನೆ. ಅದೂ ಮೊದಲ ಬೆಳಗ್ಗೆ ಎಡವಟ್ಟಾಯಿತು. ಮೇಡಂ ಬಲಗಣ್ಣನ್ನು ಪರದೆಯ ಬಲಕ್ಕಿಟ್ಟಿದ್ದರು. ನಾವು ಕನ್ನಡಕ ಹಾಕಿಕೊಂಡವರ ಎದುರು ನಿಂತು ನೋಡುವವರು, ಬಲಗಣ್ಣು ನಮಗೆ ಎಡಕ್ಕೆ. ಊಟದ ಹೊತ್ತಿಗೆ ಉಜ್ಜಪ್ಪ ಎಲ್ಲವನ್ನೂ ತಿರುವುಮುರುವು ತುಂಬಿಸಿದ್ದ. ಆದರೆ ಸಂಜೆಗೇ ಸರಿಯಾಯಿತು. ಹೀಗೇ ದಿನಕ್ಕೊಂದು ತಪ್ಪು, ದಿನಕ್ಕೊಂದು ತಿದ್ದುಪಡಿ.

ಯಜಮಾನರಿಗೆ ಇದು ಹಿಡಿಸಲಿಲ್ಲ. "ಇದೆಂಥ ಸಿಸ್ಟಮ್ಮು? ನಿನ್ನೆ ಇದ್ದ ಬಟನ್ನು ಇವತ್ತಿಲ್ಲ. ಬಿಲ್ಲೂ ಹಾಕಲ್ಲ." ಅವರ ಮಾತೂ ಸುಳ್ಳಲ್ಲ. ಬಿಲ್ಲಿಗೆ ಇನ್ನೂ ಹಳೆಯ ರೆಡಿಮೇಡ್, ಪ್ಯಾಕಿಂಗಿಗೆ ಹೊಲಿಸಿದ್ದು, ಕಪಾಟಿಗೆ ಮೇಡಂ ಪರದೆ. ಒಂದೇ ಆರ್ಡರನ್ನು ಅಕ್ಕ ಮೂರು ಕಡೆ ತುಂಬುತ್ತಿದ್ದರು. ಕೆಲಸ ಇಳಿಸಲು ಬಂದ ಮೂವರು ಅಳಿಯಂದಿರಂತೆ ಮೂರೂ ಕೂತು ಅವರಿಂದಲೇ ಸೇವೆ ಮಾಡಿಸಿಕೊಳ್ಳುತ್ತಿದ್ದವು.

"ಮೂರೂ ಒಂದಾಗ್ಲಿ ಅಮ್ಮ, ಆಮೇಲೆ ನೆಮ್ಮದಿಯಾಗಿ ಹೋಗಿ," ಎಂದರು ಯಜಮಾನರು.

"ಇವು ಒಂದಾಗೋ ಹೊತ್ತಿಗೆ ಮೊಮ್ಮಗು ಶಾಲೆಗೆ ಹೋಗ್ತಿರುತ್ತೆ ಸಾರ್."

"ಕಪಾಟಿನ ಗತಿ ಏನು?"

"ಪರದೇಲಿದೆ."

"ಪರದೆ ತಪ್ಪಿದ್ರೆ?"

"ನಾನು ತಪ್ಪಿಲ್ವಾ? ಮೇಷ್ಟ್ರನ್ನ ಕೇಳಿ."

ಅಷ್ಟು ಹೇಳಿಯೂ ಅಕ್ಕ ಕೂತಲ್ಲಿಂದ ಏಳಲಿಲ್ಲ, ಮತ್ತೆ ಟ್ರೇ ಎಳೆದುಕೊಂಡರು. ಎರಡು ದಿನ ಹಾಗೇ ಕಳೆಯಿತು. ಮೂರನೆಯ ದಿನ ಬೆಳಗ್ಗೆ ಅಳಿಯನ ಫೋನ್ ಬಂತು. ನೋವು ಶುರುವಾಗಿತ್ತು, ಹೇಳಿದ ದಿನಕ್ಕಿಂತ ಮೊದಲೇ. ಅಕ್ಕ ಯಾರನ್ನೂ ಕೇಳಲಿಲ್ಲ. ಕೀಲಿಕೈ ನನ್ನ ಮೇಜಿನ ಮೇಲಿಟ್ಟು, ಮೇಲಂಗಿ ಕಳಚಿ ಹೊರಟುಹೋದರು.

ಬಸ್ಸು ಅರ್ಧ ದಾರಿಯಲ್ಲಿದ್ದಾಗ ಮಗು ಹುಟ್ಟಿತು. ಹೆಣ್ಣು. ತಾಯಿ ಮಗು ಇಬ್ಬರೂ ಕ್ಷೇಮ. ಖುಷಿಪಡಬೇಕಾದ ಗಳಿಗೆಯಲ್ಲಿ ತಮಗೆ ಬಂದದ್ದು ಕೋಪ ಎಂದು ಅಕ್ಕ ಆಮೇಲೆ ನನ್ನ ಹತ್ತಿರ ಹೇಳಿದರು. ಎರಡು ದಿನ ಮೊದಲೇ ಎದ್ದು ಹೊರಡಬಹುದಿತ್ತಲ್ಲ ಎಂಬ ಕೋಪ, ತಮ್ಮ ಮೇಲೆಯೇ.

ಆಸ್ಪತ್ರೆಯಲ್ಲಿ ಮಗಳು ಬಾಗಿಲ ಕಡೆ ಮುಖ ಮಾಡಿ ಮಲಗಿದ್ದಳು. "ಬಂದ್ಯಾ," ಎಂದಳು. "ಅಂತೂ ಬಿಟ್ಟನಾ ನಿನ್ನ ಒಂಟಿಕಣ್ಣ?" ತಮಾಷೆಯೇ. ಆದರೆ ನಗಲಿಲ್ಲ.

ಅಕ್ಕ ಮಗುವನ್ನು ಎತ್ತಿಕೊಳ್ಳುವಷ್ಟರಲ್ಲಿ ಫೋನ್ ಬಡಿದುಕೊಂಡಿತು. ಉಜ್ಜಪ್ಪ.

"ಅಕ್ಕಾ, ಹಸಿರು ಟ್ರೇದು ಎಡಗಣ್ಣು ಎಲ್ಲಿ?"

"ಪರದೆ ಏನ್ ಹೇಳುತ್ತೆ?"

"ಕೆಳಗಿನ ಖಾನೆ ಅನ್ನುತ್ತೆ."

"ನೋಡ್ದ್ಯಾ?"

"ನೋಡ್ದೆ. ಅಲ್ಲೇ ಇದೆ. ಕೈಯಲ್ಲೇ ಹಿಡ್ಕೊಂಡಿದೀನಿ."

"ಮತ್ಯಾಕೋ ಫೋನ್ ಮಾಡ್ದೆ, ಮಹರಾಯ?"

"ನಿಮ್ಮನ್ನ ಕೇಳ್ದೆ ಕೂರಿಸಿ ಅಭ್ಯಾಸ ಇಲ್ವಲ್ಲ ಅಕ್ಕಾ."

ಅಕ್ಕ ಫೋನನ್ನು ಅಳಿಯನ ಕೈಗಿತ್ತು, "ಆರಿಸಿಬಿಡಪ್ಪ, ತಿಂಗಳಾದ ಮೇಲೆ ಕೊಡು," ಎಂದು ಮಗಳ ಮಂಚದ ತುದಿಯಲ್ಲಿ ಜಾಗ ಮಾಡಿಕೊಂಡು ಕೂತರು. ಮಗಳು ಕಾಲು ಸರಿಸಿ ಇನ್ನಷ್ಟು ಜಾಗ ಬಿಟ್ಟಳು.

ಇಲ್ಲಿ ಕಾರ್ಖಾನೆಯಲ್ಲಿ ಉಜ್ಜಪ್ಪ ಕತ್ತರಿಸಿಹೋದ ಫೋನನ್ನು ಒಂದು ಕ್ಷಣ ನೋಡಿದ, ನನ್ನ ಕಡೆ ನೋಡಿದ. ಆಮೇಲೆ ಯಾರನ್ನೂ ಕೇಳದೆ ಗಾಜನ್ನು ಚೌಕಟ್ಟಿಗೆ ಕೂರಿಸಿದ.