ಅಣ್ಣ ಹಾಕಿದ ಎಣ್ಣೆ

ಗಾಡಿಯ ಎಣ್ಣೆ ನೋಡಿ ಕಣ್ಣಲ್ಲಿ ನೀರು ತಂದುಕೊಂಡವರು ನಮ್ಮ ಸೀಮೆಯಲ್ಲಿ ಎಷ್ಟು ಜನ ಇದ್ದಾರೋ ಗೊತ್ತಿಲ್ಲ, ನಾನಂತೂ ಒಬ್ಬ. ಮೊನ್ನೆ ಜೀಪಿನ ಬಾನೆಟ್ ಎತ್ತಿ, ಎಣ್ಣೆಯ ಮಟ್ಟ ನೋಡುವ ಕಡ್ಡಿಯನ್ನು ಎಳೆದು ಬಟ್ಟೆಗೆ ಒರೆಸಿದೆ. ಕಾಡಿಗೆ ತೀಡಿದಂತೆ ಗೆರೆ ಬಿತ್ತು. ಬೆರಳಲ್ಲಿ ತಿಕ್ಕಿದರೆ ಜಾರುವ ಬದಲು ಅಂಟುತ್ತಿತ್ತು. ಇಂಜಿನ್ ಬಗ್ಗೆ ನನ್ನ ಜ್ಞಾನ ಅಷ್ಟಕ್ಕಷ್ಟೆ. ಆದರೂ ಎಣ್ಣೆ ಸತ್ತಿದೆ ಎಂದು ತಿಳಿಯಲು ಪಂಡಿತನಾಗಬೇಕಿಲ್ಲ. ಇಳಿಸಿ ಹೊಸದು ಹಾಕಿಸು, ಅದಕ್ಕೇಕೆ ಅಳುವುದು ಎನ್ನುತ್ತೀರಿ. ನನ್ನ ಕಷ್ಟ ಇರುವುದೇ ಅಲ್ಲಿ.

ಜೀಪು ನನ್ನ ಅಣ್ಣನದು. ಹತ್ತಿ ಬಿಡಿಸುವ ಕಾಲದಲ್ಲಿ ಹೆಣ್ಣಾಳುಗಳನ್ನು ಹೊಲಕ್ಕೆ ಬಿಡುವುದು, ಹತ್ತಿಯ ಚೀಲ ಹೇರಿಕೊಂಡು ಆದವಾನಿ ಮಾರ್ಕೆಟ್ಟಿಗೆ ಹೋಗುವುದು, ಉಳಿದ ದಿನ ಎಮ್ಮಿಗನೂರಿನ ಸಂತೆ, ಯಾರದೋ ಮದುವೆ, ಯಾರದೋ ಆಸ್ಪತ್ರೆ. ಕಳೆದ ಬೇಸಿಗೆಯಲ್ಲಿ ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತವನು ಏಳಲೇ ಇಲ್ಲ. ಸ್ಟೀರಿಂಗ್ ನನ್ನ ಕೈಗೆ ಬಂತು. ಈಗ ಅತ್ತಿಗೆಯ ಮನೆ, ನನ್ನ ಮನೆ ಎರಡೂ ಆ ಜೀಪಿನ ಮೇಲೇ ನಡೆಯುತ್ತವೆ. ಅದರ ಇಂಜಿನ್ ಹಿಡಿದುಕೊಂಡರೆ ನಾವೂ ನಿಂತಂತೆಯೇ.

ಅಣ್ಣನದೊಂದು ಪದ್ಧತಿ. ಎಣ್ಣೆ ಬದಲಿಸುವುದು ಅಮಾವಾಸ್ಯೆಗೇ. ಹಳೆಯದನ್ನು ಮೆಕ್ಯಾನಿಕ್ ಖಾಜಾ ಬಂದು ಇಳಿಸಬಹುದು. ಹೊಸದನ್ನು ಮಾತ್ರ ಬೇರೆ ಯಾರೂ ಹಾಕುವಂತಿಲ್ಲ. ಸ್ನಾನ ಮಾಡಿ, ಚಪ್ಪಲಿ ಬಿಟ್ಟು, ದೇವರ ದೀಪಕ್ಕೆ ಹಾಕುವವರ ಹಾಗೆ, ಧಾರೆ ಕಡಿಯದಂತೆ ತಾನೇ ಹಾಕುತ್ತಿದ್ದ. “ಡೀಜೆಲ್ ಗಾಡಿಗೆ ಇಷ್ಟು ಮಡಿ ಯಾಕೋ ಅಣ್ಣಾ?” ಎಂದು ನಾನು ಚುಡಾಯಿಸಿದರೆ, “ನಿನಗ ಊಟಕ್ಕ ಬಡಿಸೋರು ಕಾಲಾಗ ಚಪ್ಲಿ ಹಾಕ್ಕೊಂಡು ಬಂದ್ರ ಉಣ್ತೀಯೇನಲೇ?” ಎನ್ನುತ್ತಿದ್ದ. ವಾದದಲ್ಲಿ ನಾನು ಅವನನ್ನು ಗೆದ್ದ ನೆನಪೇ ಇಲ್ಲ.

ಅವನು ಹೋದ ಮೇಲೆ ಅಮಾವಾಸ್ಯೆಗಳು ಬಂದವು, ಹೋದವು. ಒಮ್ಮೆ ಅತ್ತಿಗೆ “ಸೂತಕದ ಮನಿ, ಮುಂದಿನ ಸಲ ನೋಡೋಣ” ಎಂದಳು. ಇನ್ನೊಮ್ಮೆ ಬಾಡಿಗೆ ಬಂದಿದೆ ಎಂದಳು. ಮತ್ತೊಮ್ಮೆ ಕಾರಣವನ್ನೇ ಹೇಳದೆ ಒಳಗೆ ಹೋದಳು. ಹಿಂದೆಯೇ ಹೋಗಿ ಕೇಳಿದರೆ, ಗೋಡೆ ನೋಡುತ್ತ ಅಂದಳು: “ಅದು ನಿಮ್ಮಣ್ಣನ ಕೈಲೆ ಹಾಕಿದ್ದು ತಮ್ಮಾ. ಇಳಿಸಬ್ಯಾಡ.”

ನಗಬೇಡಿ. ಸತ್ತವರ ಅಂಗಿ ಇಟ್ಟುಕೊಳ್ಳುವವರಿದ್ದಾರೆ, ಕನ್ನಡಕ ಇಟ್ಟುಕೊಳ್ಳುವವರಿದ್ದಾರೆ. ಅಣ್ಣನ ಅಂಗಿಗಳನ್ನು ಅತ್ತಿಗೆ ಯಾರ್‍ಯಾರಿಗೋ ಕೊಟ್ಟುಬಿಟ್ಟಿದ್ದಳು. ಇಂಜಿನ್ನಿನೊಳಗಿನ ಎಣ್ಣೆಯನ್ನು ಮಾತ್ರ ಬಿಡಲಾರಳು. ಬುದ್ಧಿ ಹೇಳುವ ಯೋಗ್ಯತೆ ನನಗೂ ಇಲ್ಲ. ನನ್ನ ಫೋನಿನ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ಈಗಲೂ ‘ಅಣ್ಣ’ ಇದ್ದಾನೆ. ಅಕಾರದ ದೆಸೆಯಿಂದ, ಯಾರಿಗೆ ಫೋನು ಮಾಡಬೇಕಾದರೂ ಅವನನ್ನು ದಾಟಿಯೇ ಹೋಗಬೇಕು. ಅಳಿಸಲು ಒಂದು ಬೆರಳು ಸಾಕು. ಆ ಬೆರಳು ಏಳುವುದಿಲ್ಲ.

ಇಂಥ ಹೊತ್ತಿನಲ್ಲಿ ಖಾಜಾ ಒಂದು ಡಬ್ಬಿಯಂಥ ಸಾಮಾನು ತೋರಿಸಿ, ತನ್ನ ತೆಲುಗು ಬೆರೆತ ಮಾತಿನಲ್ಲಿ ಅಂದ: “ಇದಕ್ಕ ಬೈಪಾಸ್ ಫಿಲ್ಟರ್ ಅಂತಾರ ಅನ್ನಾ. ದೂರ ಹೋಗೋ ಲಾರಿಯವ್ರು ಹಾಕಿಸ್ತಾರ. ಇದೊಂದು ಕುಂತ್ರ ಎಣ್ಣಿ ದೌಡ ಕೆಡಂಗಿಲ್ಲ.”

“ಬದಲಿಸೋದೇ ಬ್ಯಾಡೇನು?”

“ಮಾರ್ಚಾಲ್ಸಿನ ಪನೇ ಲೇದು ಅಂತ ಮಾರೋರು ಹೇಳ್ತಾರ. ಹೇಳಾಕೇನು, ಬಾಯಿ ಐತಿ.”

ಮಾರುವವರ ಬಾಯಿಯ ಬಗ್ಗೆ ಅವನು ಹೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ. ಬದಲಿಸುವುದು ಬೇಡ ಎಂಬುದಷ್ಟೇ ಬಿತ್ತು. ಗಾಡಿಯ ಜೊತೆಗೇ ಬರುವ ಫಿಲ್ಟರು ಹಿಟ್ಟಿನ ಜರಡಿ ಇದ್ದಂತೆ: ಎಣ್ಣೆಯೆಲ್ಲ ಅದರ ಮೂಲಕವೇ ಓಡಬೇಕಾದ್ದರಿಂದ ತೂತು ತೀರ ಸಣ್ಣದಿರುವಂತಿಲ್ಲ. ಸಣ್ಣ ಮಸಿ ನುಸುಳಿ ಹೋಗುತ್ತದೆ. ಬೈಪಾಸ್ ಎಂಬುದು ತೆಳು ಬಟ್ಟೆಯಲ್ಲಿ ಮೊಸರು ಕಟ್ಟಿ ತೂಗು ಹಾಕಿದಂತೆ. ಹರಿಯುವ ಎಣ್ಣೆಯಲ್ಲಿ ಸ್ವಲ್ಪವನ್ನೇ ಬೇರೆ ದಾರಿಗೆ ಎಳೆದುಕೊಂಡು, ಅವಸರವಿಲ್ಲದೆ ಸೋಸಿ, ಮತ್ತೆ ಒಳಗೆ ಬಿಡುತ್ತದೆ. ನನಗೆ ಆ ಡಬ್ಬಿಯ ಮೇಲೆ ಹೊಟ್ಟೆಕಿಚ್ಚೇ ಆಯಿತು. ಮನುಷ್ಯನ ದುಃಖಕ್ಕೂ ಇಂಥದೊಂದು ಇದ್ದಿದ್ದರೆ, ಬಾಡಿಗೆ ಓಡಿಸುತ್ತಲೇ, ಜನರ ಜೊತೆ ಮಾತಾಡುತ್ತಲೇ, ಒಳಗೊಳಗೆ ಚೂರು ಚೂರಾಗಿ ಸೋಸಿಕೊಳ್ಳಬಹುದಿತ್ತು. ನಮಗೆ ಸಿಕ್ಕಿರುವುದು ಜರಡಿ ಮಾತ್ರ. ಹೆಣ, ಮಣ್ಣು, ತಿಥಿ ಎಂಬ ದೊಡ್ಡ ದೊಡ್ಡವನ್ನು ಅದು ಹಿಡಿಯುತ್ತದೆ. ಅವನು ಕೆಮ್ಮುತ್ತಿದ್ದ ರೀತಿ, ಅವನ ಬೀಡಿಯ ವಾಸನೆ, ಇವೆಲ್ಲ ನುಸುಳಿ ಹೋಗಿ ಸುತ್ತುತ್ತಲೇ ಇರುತ್ತವೆ.

ಅತ್ತಿಗೆಗೆ ಹೇಳಿದೆ. “ಹಂಗಾದ್ರ ಹಾಕ್ಸು” ಎಂದಳು. ಅಣ್ಣ ಹೋದ ಮೇಲೆ ಆಕೆ ಅಷ್ಟು ಚುರುಕಾಗಿ ಮಾತಾಡಿದ್ದು ಅದೇ ಮೊದಲು.

ಅಮಾವಾಸ್ಯೆಯ ಬೆಳಿಗ್ಗೆ ಖಾಜಾ ಡಬ್ಬಿ ತಂದ. ಯಾಕೆ ಹಾಕಿಸುತ್ತಿದ್ದೇವೆ ಎಂದು ತಿಳಿದ ಮೇಲೆ ಕೈಯಲ್ಲಿದ್ದ ಬೋಲ್ಟ್ ಬಿಚ್ಚುವ ಪಾನಾ ಕೆಳಗಿಟ್ಟು, ಅತ್ತಿಗೆಯ ಕಡೆ ತಿರುಗಿದ. “ವದಿನಾ, ನಿಮಗ ಸುಳ್ಳು ಹೇಳಂಗಿಲ್ಲ. ಇದು ಮಸಿ ಹಿಡೀತೈತಿ, ಖರೇ. ಆದ್ರ ಎಣ್ಣಿ ಕಾದು ಕಾದು ಸವೀತೈತಿ. ಮ್ಯಾಲಿಂದ ಹೊಸದು ಹಾಕ್ತಾ ಇರಬೇಕು. ಆಮ್ಯಾಲ ಅದ್ರಾಗ ಅಣ್ಣಂದೆಷ್ಟು, ಅಂಗಡೀದೆಷ್ಟು, ಯಾರಿಗೆ ಗೊತ್ತು?”

“ಒಂದು ಹನಿ ಉಳೀತೈತಿಲ್ಲ?”

“ಉಳೀತೈತಿ.”

“ಸಾಕು ಬಿಡು.”

ಖಾಜಾ ನನ್ನ ಮುಖ ನೋಡಿದ. ನಾನು ಜೀಪಿನ ಮುಖ ನೋಡಿದೆ. “ಇನ್ನೊಂದೈತಿ ವದಿನಾ,” ಅಂದ, “ಈಗಿರೋದು ಎಣ್ಣಿ ಅಲ್ಲ, ಡಾಂಬರು. ಇದ್ರ ಮ್ಯಾಲ ಹಾಕಿದ್ರ ಫಿಲ್ಟರೇ ಕಟ್ಕೊಂತೈತಿ. ಹಾಕೋದಾದ್ರೂ ಮೊದ್ಲು ಇದನ್ನ ಇಳಿಸಬೇಕು. ಕೇಳ್ರಿ ಒಂದ್ಸಲ.” ಜೀಪು ಚಾಲೂ ಮಾಡಿದ. ಒಳಗೆ ಯಾರೋ ಕಲ್ಲು ಕುಟ್ಟುತ್ತಿರುವಂತೆ ಟಕ್ ಟಕ್ ಎಂದಿತು.

ಅತ್ತಿಗೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟಳು. ಬಹಳ ಹೊತ್ತು ತೆಗೆಯಲಿಲ್ಲ. ಕೊನೆಗೆ, “ಅವ್ರಿದ್ದಾಗ ಗಾಡಿ ಹಿಂಗ ನರಳ್ತಿದ್ದಿಲ್ಲ. ಇದನ್ನ ಕೇಳಿದ್ರ ನನ್ನ ಸುಮ್ನ ಬಿಡ್ತಿದ್ರೇನು?” ಎಂದಳು. “ಇಳಿಸಪ್ಪ.”

ಖಾಜಾ ಕೆಳಗಿನ ಬೋಲ್ಟ್ ಬಿಚ್ಚಿದ. ಕಪ್ಪು ಧಾರೆ ಬಾಣಲಿಗೆ ಇಳಿಯಿತು. ಅತ್ತಿಗೆ ಚಪ್ಪಲಿ ಬಿಟ್ಟು ಬಂದು ಹೊಸ ಎಣ್ಣೆಯನ್ನು ತಾನೇ ಹಾಕಿದಳು. ನಡುವೆ ಧಾರೆ ಕಡಿಯಿತು, ಒಂದಿಷ್ಟು ಇಂಜಿನ್ ಮೇಲೂ ಚೆಲ್ಲಿತು.

ಅಷ್ಟರಲ್ಲಿ ಓಣಿಗೆ ಸುದ್ದಿ ಮುಟ್ಟಿತ್ತು. ನಮ್ಮಲ್ಲಿ ಗಾಡಿಯ ಸುಟ್ಟ ಎಣ್ಣೆಯನ್ನು ಚೆಲ್ಲುವುದಿಲ್ಲ. ಕುರಿಹಟ್ಟಿಯ ಗೂಟಕ್ಕೆ, ಬಾಗಿಲ ಚೌಕಟ್ಟಿಗೆ ಗೆದ್ದಲು ಹಿಡಿಯದಿರಲಿ ಎಂದು ಬಳಿಯಲು ಜನ ಬಾಟಲಿ ಹಿಡಿದು ಬರುತ್ತಾರೆ. ಬಂದವರು ಸುಮ್ಮನೆ ಹೋಗುತ್ತಾರೆಯೇ? ಕಟ್ಟೆಯ ಮೇಲೆ ಕೂತರು, ಚಹಾ ಕುಡಿದರು, ಅಣ್ಣನನ್ನು ಮನಸಾರೆ ಬೈದರು, ಹೊಗಳಿದರು. ತಿಂಗಳುಗಳಿಂದ ಆ ಅಂಗಳದಲ್ಲಿ ಅಷ್ಟು ಗದ್ದಲ ಕೇಳಿರಲಿಲ್ಲ.

“ಈಗ ಒಳಗ ಚೊಕ್ಕ ಆಗೇತಿ. ಫಿಲ್ಟರ್ ಕುಂದ್ರಿಸ್ಲೇನು?” ಎಂದು ಖಾಜಾ ಕೇಳಿದ.

ಅತ್ತಿಗೆ ಕಟ್ಟೆಯ ಕಡೆ ನೋಡಿದಳು. “ಬ್ಯಾಡಪ್ಪ. ಎಣ್ಣಿ ಕೆಡದಿದ್ರ ಇವ್ರೆಲ್ಲ ಯಾವಾಗ ಬರ್ಬೇಕು?”

ಡಬ್ಬಿ ಖಾಜಾನ ಚೀಲಕ್ಕೆ ವಾಪಸು ಹೋಯಿತು. ಹಳೆಯ ಎಣ್ಣೆಯನ್ನು ಎಲ್ಲರಿಗೂ ಕೊಡುವ ಮುನ್ನ ಅವನು ಅದರಲ್ಲಿ ಒಂದು ಬಾಟಲಿ ತುಂಬಿ ಅತ್ತಿಗೆಯ ಕೈಗಿಟ್ಟಿದ್ದ. ಆಕೆ ಅದನ್ನು ಸೆರಗಿನಲ್ಲಿ ಒರೆಸಿ ಒಳಗೆ ಇಟ್ಟಿದ್ದಳು. ಬಾಣಲಿ ಬರಿದಾದ ಮೇಲೆ ತಿಮ್ಮಪ್ಪ ತಾತ ಬಂದ. ಬಂಡಿಯ ಅಚ್ಚು ಕಿರುಗುಡುತ್ತದಂತೆ. ಖಾಲಿ ಬಾಣಲಿ ನೋಡಿ, “ಮುಗೀತೇನವ್ವಾ? ಇರ್ಲಿ ಬಿಡು, ಮುಂದಿನ ಸಲ” ಎಂದು ತಿರುಗಿದ.

“ನಿಲ್ಲು ತಾತಾ” ಎಂದು ಅತ್ತಿಗೆ ಒಳಗೆ ಹೋದಳು. ಹೊರಗೆ ಬರಲು ಸ್ವಲ್ಪ ತಡವಾಯಿತು. ಬಂದು, ಆ ಬಾಟಲಿಯನ್ನು ಅವನ ಕೈಗಿಟ್ಟಳು.

“ತಗೊ. ನಿನ್ ಬಂಡಿ ಸಂಗಾಟ ತಿರುಗ್ಲಿ. ಮನ್ಯಾಗ ಕುಂದ್ರೋ ಮನುಷ್ಯ ಅಲ್ಲ ಅವ್ರು.”