ನೆಬೀಸಮ್ಮ ಹೊಲಿದ ಪಟ್ಟಿ

ನಟ ಚಿರಂತನರಿಗೆ ಪದ್ಮಶ್ರೀ ಬಂದಿದೆ ಎಂಬ ಸುದ್ದಿ ಪುತ್ತೂರು ಪೇಟೆಯ ದರ್ಬೆಯ ಸಾಲು ಅಂಗಡಿಗಳಲ್ಲಿ ಮೊದಲು ತಿಳಿದದ್ದು ಝೆರಾಕ್ಸ್ ಅಂಗಡಿಯ ಗಿರಿಧರನಿಗೆ. ಅವನು ಮೊಬೈಲು ಹಿಡಿದುಕೊಂಡೇ ಪಕ್ಕದ ಹೊಲಿಗೆ ಕೋಣೆಯ ಬಾಗಿಲಿಗೆ ಬಂದು, ಮಿಷನಿನ ಮುಂದೆ ಕೂತಿದ್ದ ನೆಬೀಸಮ್ಮನಿಗೆ ಓದಿ ಹೇಳಿದ. ಪ್ರಶಸ್ತಿ ಸಿನಿಮಾಕ್ಕಲ್ಲ, ಸಮಾಜಸೇವೆಗೆ. ಊರೂರಲ್ಲಿ ಶಿಬಿರ ನಡೆಸಿ ಕಾಲು ಕಳೆದುಕೊಂಡವರಿಗೆ ಕೃತಕ ಕಾಲು ಕೊಟ್ಟದ್ದಕ್ಕೆ.

ನೆಬೀಸಮ್ಮ ಮಿಷನು ನಿಲ್ಲಿಸಿ, ಒಳ್ಳೆಯದಾಯಿತು ಅಂದರು.

ಗಿರಿಧರನಿಗೆ ಈ ಉತ್ತರ ಹಿಡಿಸಲಿಲ್ಲ. “ಎಂತ ಒಳ್ಳೆದು ನೆಬೀಸಕ್ಕ? ಅವರು ಬಂದು ಅರ್ಧ ಗಂಟೆ ನಿಂತು ಹೋಗುದು. ಉಳಿದ ದಿನ ಕಾಲು ಸರಿ ಮಾಡಿ ಕೊಡುದು ನೀವು. ಫೋಟೋ ಬರುದು ಮಾತ್ರ ಅವರದ್ದು.”

“ಫೋಟೋ ಯಾರದ್ದಾದ್ರೆ ಎಂತ ಗಿರಿಧರಣ್ಣ? ಕಾಲು ಬಂದದ್ದು ಸುಳ್ಳಾ?”

ಆ ಕಾಲು ಸುಳ್ಳಲ್ಲ ಎಂಬುದು ನೆಬೀಸಮ್ಮನಷ್ಟು ಚೆನ್ನಾಗಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ಅವರ ಗಂಡ ಅಹ್ಮದ್ ಕುಂಞಿ ಸೌದಿಯ ದಮ್ಮಾಮಿನ ಗೋದಾಮೊಂದರಲ್ಲಿ ಕೆಲಸಕ್ಕಿದ್ದಾಗ ಸರಕು ಎತ್ತುವ ಗಾಡಿ ಅವರ ಬಲಗಾಲಿನ ಮೇಲೆ ಹರಿದಿತ್ತು. ಮಂಡಿಯ ಕೆಳಗೆ ಕಾಲು ತೆಗೆಯಬೇಕಾಯಿತು. ಊರಿಗೆ ಬಂದವರು ಮೂರು ವರ್ಷ ಹೊಸ್ತಿಲು ದಾಟಲಿಲ್ಲ. ಊರುಗೋಲು ಹಿಡಿದು ಹೊರಗೆ ಹೋದರೆ ಎಲ್ಲರೂ ಮುಖ ಬಿಟ್ಟು ಕೆಳಗೆ ನೋಡುತ್ತಾರೆ ಎಂಬುದೊಂದೇ ಅವರ ದೂರು. ಆಗ ಪುತ್ತೂರಿನಲ್ಲಿ ಚಿರಂತನರ ಟ್ರಸ್ಟಿನ ಮೊದಲ ಶಿಬಿರ ನಡೆಯಿತು. ನೆಬೀಸಮ್ಮ ಗಂಡನನ್ನು ಒತ್ತಾಯ ಮಾಡಿ ರಿಕ್ಷಾದಲ್ಲಿ ಕರೆದೊಯ್ದರು. ಅಳತೆ ತೆಗೆದು, ಹದಿನೈದು ದಿನ ಬಿಟ್ಟು ಕಾಲು ಕೊಟ್ಟರು. ಅದರ ಮರು ಶುಕ್ರವಾರ ಅಹ್ಮದ್ ಕುಂಞಿ ಬಿಳಿ ಪ್ಯಾಂಟು ಹಾಕಿ, ಯಾರ ಹೆಗಲನ್ನೂ ಹಿಡಿಯದೆ ಜುಮಾ ನಮಾಝಿಗೆ ನಡೆದುಕೊಂಡು ಹೋದರು. ನೆಬೀಸಮ್ಮ ಗೇಟಿನ ಹತ್ತಿರ ನಿಂತು, ಅವರು ತಿರುವಿನಲ್ಲಿ ಮರೆಯಾಗುವವರೆಗೆ ನೋಡಿದ್ದರು.

ಆದರೆ ಮಳೆಗಾಲ ಬಂದಾಗ ಸಂಕಟ ಶುರುವಾಯಿತು. ಕಾಲನ್ನು ತೊಡೆಗೆ ಬಿಗಿಯುವ ಚರ್ಮದ ಪಟ್ಟಿಗೆ ಬೂಸ್ಟು ಹಿಡಿಯಿತು, ನೂಲು ಕೊಳೆಯಿತು, ಒದ್ದೆ ಚರ್ಮ ಉಜ್ಜಿ ಉಜ್ಜಿ ಅವರ ತೊಡೆ ಹುಣ್ಣಾಯಿತು. ಮೊದಲಿನಿಂದಲೂ ಬಟ್ಟೆ ಹೊಲಿಯುತ್ತಿದ್ದ ನೆಬೀಸಮ್ಮ ಹಳೆಯ ಪಟ್ಟಿಯನ್ನು ಬಿಚ್ಚಿ ನೋಡಿದರು. ಶಾಲೆಯ ಬ್ಯಾಗಿಗೆ ಹಾಕುವ ಅಗಲದ ನೈಲಾನ್ ಪಟ್ಟಿ ತಂದರು. ಮೈಗೆ ತಾಗುವ ಬದಿಗೆ ಹಳೆಯ ಲುಂಗಿಯ ಬಟ್ಟೆಯನ್ನು ನಾಲ್ಕು ಪದರ ಮಡಚಿ ಕೊಟ್ಟರು. ಅದನ್ನು ಪಟ್ಟಿಗೆ ಸೇರಿಸಿ ಹೊಲಿಯದೆ, ದಿನಾ ಬಿಚ್ಚಿ ಒಗೆಯಲು ಆಗುವ ಹಾಗೆ ಗುಂಡಿ ಹಾಕಿದರು. ನಾಲ್ಕೈದು ಸಲ ತಪ್ಪಿತು. ಒಮ್ಮೆ ಮಾರುಕಟ್ಟೆಯ ನಡುವೆಯೇ ಪಟ್ಟಿ ಜಾರಿ ಅಹ್ಮದ್ ಕುಂಞಿ ಮೀನಿನ ಬುಟ್ಟಿಯ ಮೇಲೆ ಕೂತುಬಿಟ್ಟಿದ್ದರು. ಆಮೇಲೆ ಸರಿಯಾಯಿತು. ಹನ್ನೊಂದು ವರ್ಷ ಅವರು ನಡೆದರು, ತೀರಿಕೊಳ್ಳುವ ಹಿಂದಿನ ದಿನವೂ ಹತ್ತಿರದ ಸವಣೂರಿನ ತಂಗಿಯ ಮನೆಗೆ ಬಸ್ಸಿನಲ್ಲಿ ಹೋಗಿ ಬಂದಿದ್ದರು.

ಅವರ ನಡಿಗೆ ನೋಡಿಯೇ ಬೇರೆಯವರು ಬರತೊಡಗಿದ್ದು. ಸುಳ್ಯ, ಕಡಬದ ಕಡೆಯಿಂದಲೂ ಶಿಬಿರದ ಕಾಲು ಹಾಕಿದವರು ಪಟ್ಟಿ ಬದಲಿಸಿಕೊಳ್ಳಲು ದರ್ಬೆಗೆ ಬಂದರು. ಆಲೆಟ್ಟಿಯ ತಿರುಮಲೇಶ್ವರ ಭಟ್ಟರು ಅವರಲ್ಲೊಬ್ಬರು. ಸಕ್ಕರೆ ಕಾಯಿಲೆಯಿಂದ ಎಡಗಾಲು ಹೋಗಿತ್ತು, ತೋಟಕ್ಕೆ ಇಳಿಯದೆ ಇರಲು ಆಗುತ್ತಿರಲಿಲ್ಲ. ಅವರ ಕಾಲಿಗೆ ನೆಬೀಸಮ್ಮ ಪ್ರತಿ ವರ್ಷ ಮಳೆ ಜೋರಾಗುವ ಆಟಿ ತಿಂಗಳಿನ ಮೊದಲು ಹೊಸ ಪಟ್ಟಿ ಹೊಲಿದು ಕೊಡುತ್ತಿದ್ದರು.

ಪ್ರಶಸ್ತಿಯ ವಾರವಿಡೀ ಪೇಟೆಯಲ್ಲಿ ಅದೇ ಚರ್ಚೆ. ಸಿನಿಮಾದವರು ತೆರಿಗೆ ಉಳಿಸಲು ದಾನ ಮಾಡುವುದೆಂದು ಕೆಲವರು. ಹಾಗಾದರೂ ಮಾಡುವ ಶ್ರೀಮಂತರು ಎಷ್ಟು ಮಂದಿ ಎಂದು ಇನ್ನು ಕೆಲವರು. ಹೆಸರು ಇಲ್ಲದವರಿಗೆ ಕೊಡಬೇಕು, ಹೆಸರಿದ್ದವರಿಗೆ ಮತ್ತೆ ಯಾಕೆ ಎಂಬ ಮಾತು ಬಂದಾಗಲೆಲ್ಲ ಉದಾಹರಣೆಗೆ ನೆಬೀಸಮ್ಮನ ಹೆಸರೇ ಬರುತ್ತಿತ್ತು. ಮೀನು ಕೊಳ್ಳಲು ಹೋದಾಗ ಅವರ ಕಿವಿಗೂ ಅದು ಬಿತ್ತು. ಖುಷಿಯಾಗಲಿಲ್ಲ ಎಂದರೆ ಸುಳ್ಳು. ಆದರೆ ಒಬ್ಬರನ್ನು ಹಳಿಯಲು ತನ್ನ ಹೆಸರನ್ನು ಬಳಸುತ್ತಿದ್ದಾರೆ ಎಂದು ಮುಜುಗರವೂ ಆಯಿತು.

ಫೆಬ್ರವರಿಯಲ್ಲಿ ಪುತ್ತೂರಿನಲ್ಲಿ ಚಿರಂತನರಿಗೆ ನಾಗರಿಕ ಸನ್ಮಾನ ಎಂದು ತೀರ್ಮಾನವಾಯಿತು. ಸಮಿತಿಯ ಅಧ್ಯಕ್ಷೆ, ನಿವೃತ್ತ ಮುಖ್ಯೋಪಾಧ್ಯಾಯಿನಿ ಗೋದಾವರಿ ಟೀಚರ್, ನೆಬೀಸಮ್ಮನನ್ನು ಹುಡುಕಿಕೊಂಡು ಬಂದರು. ಕಾಲು ಪಡೆದ ಹತ್ತು ಮಂದಿಯನ್ನು ಕರೆತರಬೇಕು, ಅವರು ವೇದಿಕೆಯ ಕೆಳಗೆ ಸಾಲಾಗಿ ನಿಂತು ಹೂ ಕೊಡಬೇಕು, ನೆಬೀಸಮ್ಮ ಫಲಾನುಭವಿಗಳ ಪರವಾಗಿ ಎರಡು ಮಾತು ಹೇಳಬೇಕು ಎಂದು ಕೇಳಿಕೊಂಡರು.

“ಮಾತಾಡ್ತೇನೆ ಟೀಚರ್, ಆದ್ರೆ ಅವರನ್ನು ನಿಲ್ಲಿಸುದು ಬೇಡ” ಎಂದರು ನೆಬೀಸಮ್ಮ. “ಮುಂದಿನ ಸಾಲಲ್ಲಿ ಕುರ್ಚಿ ಹಾಕಿ. ಕೂತುಕೊಳ್ಳಲಿ, ಎಲ್ಲರ ಹಾಗೆ.”

ಟೀಚರ್ ತನಗೆ ಅದು ಹೊಳೆಯಲೇ ಇಲ್ಲ ಎಂದು ಒಪ್ಪಿಕೊಂಡರು. ಗಿರಿಧರ ಮಾತ್ರ ಹೋಗಬೇಡಿ ಎಂದೇ ಹಟ ಹಿಡಿದ. ತಿರುಮಲೇಶ್ವರ ಭಟ್ಟರೂ ಫೋನಿನಲ್ಲಿ, ತಾನು ಪ್ರದರ್ಶನದ ವಸ್ತುವಲ್ಲ, ಬರುವುದಿಲ್ಲ ಎಂದರು. ನೆಬೀಸಮ್ಮ ಇಬ್ಬರ ಹತ್ತಿರವೂ ವಾದ ಮಾಡಲಿಲ್ಲ. ಹೊಸ ಪಟ್ಟಿಯೊಂದನ್ನು ಹೊಲಿದು ಕೈಚೀಲದಲ್ಲಿ ಇಟ್ಟುಕೊಂಡರು.

ಸನ್ಮಾನದ ದಿನ ಸಭಾಭವನ ತುಂಬಿತ್ತು. ಹಾರ, ಪೇಟ, ಹಣ್ಣಿನ ಬುಟ್ಟಿ ಎಲ್ಲ ಮುಗಿದು ನೆಬೀಸಮ್ಮನ ಸರದಿ ಬಂತು. ಮೈಕಿನ ಮುಂದೆ ನಿಂತು ಮೊದಲು ಗಂಡನ ಕಥೆ ಹೇಳಿದರು, ಬಿಳಿ ಪ್ಯಾಂಟಿನ ಶುಕ್ರವಾರದ ಕಥೆ. ಪ್ರಶಸ್ತಿ ಬಂದದ್ದು ತನಗೇ ಬಂದ ಹಾಗಾಗಿದೆ ಎಂದರು. ಜನ ಚಪ್ಪಾಳೆ ತಟ್ಟಿದರು. ಅಲ್ಲಿಗೆ ನಿಲ್ಲಿಸಿ ಇಳಿಯಬಹುದಿತ್ತು. ಆದರೆ ಅವರು ಕೈಚೀಲದಿಂದ ಪಟ್ಟಿ ತೆಗೆದು ವೇದಿಕೆಯ ಮೇಲಿದ್ದ ಚಿರಂತನರ ಕಡೆಗೆ ತಿರುಗಿದರು.

“ಸರ್, ನೀವು ಕೊಡುವ ಕಾಲು ಗಟ್ಟಿ ಉಂಟು, ಆದ್ರೆ ಪಟ್ಟಿ ನಮ್ಮ ಊರಿಗೆ ಆಗುದಿಲ್ಲ. ನೀವು ಬರುದು ಬೇಸಗೆಯಲ್ಲಿ. ಪಟ್ಟಿ ಕೊಳೆಯುದು ಆಟಿಯಲ್ಲಿ. ಆಗ ನೀವು ಇರುದಿಲ್ಲ, ನಾವು ಇರ್ತೇವೆ. ಅದಕ್ಕೆ ಹೇಳಿದ್ದು, ಬೇಜಾರು ಮಾಡ್ಬೇಡಿ.”

ಸಮಿತಿಯವರೊಬ್ಬರು ಮೈಕಿನ ಕಡೆಗೆ ಎದ್ದೇ ಬಿಟ್ಟರು. ಚಿರಂತನರು ಕೈ ಸನ್ನೆಯಿಂದ ಅವರನ್ನು ಕೂರಿಸಿ, ಪೇಟ ತೆಗೆದಿಟ್ಟು, ಎದ್ದು ಬಂದು ಪಟ್ಟಿಯನ್ನು ಕೈಗೆ ತೆಗೆದುಕೊಂಡರು. ಗುಂಡಿ ಬಿಚ್ಚಲು ನೋಡಿದರು, ಬರಲಿಲ್ಲ. ಅಷ್ಟರಲ್ಲಿ ಹಿಂದಿನ ಬಾಗಿಲಿನ ಹತ್ತಿರದಿಂದ ಯಾರೋ, ತನ್ನ ಕಾಲಿಗೆ ಕಟ್ಟಿದ್ದು ಅದೇ, ತೋರಿಸುತ್ತೇನೆ ಎಂದು ಗಟ್ಟಿಯಾಗಿ ಹೇಳಿದ್ದು ಕೇಳಿಸಿತು. ತಿರುಮಲೇಶ್ವರ ಭಟ್ಟರು. ಬರುವುದಿಲ್ಲ ಎಂದಿದ್ದವರು ಬಂದು, ಕುರ್ಚಿ ಬೇಡವೆಂದು ಗೋಡೆಗೆ ಒರಗಿ ನಿಂತಿದ್ದರು. ನಡುವಿನ ದಾರಿಯಲ್ಲಿ ನಡೆದು ಬಂದು, ಮುಂದಿನ ಸಾಲಿನಲ್ಲಿ ಕೂತು, ಪಂಚೆ ಸರಿಸಿ ಕಾಲು ಚಾಚಿದರು. ಚಿರಂತನರು ವೇದಿಕೆಯಿಂದ ಇಳಿದು ಅವರ ಎದುರು ನೆಲದ ಮೇಲೆ ಕೂತರು. ಭಟ್ಟರು ಪಟ್ಟಿ ಬಿಚ್ಚಿ, ಒಳಗಿನ ಬಟ್ಟೆ ತೆಗೆದು, ಮತ್ತೆ ಕಟ್ಟಿ ತೋರಿಸಿದರು. ಆರು ವರ್ಷದಿಂದ ಒಂದು ದಿನವೂ ಹುಣ್ಣಾಗಿಲ್ಲ ಎಂದರು.

“ಇಷ್ಟು ವರ್ಷದಲ್ಲಿ ನನಗೆ ಇದನ್ನ ಯಾರೂ ಹೇಳಲಿಲ್ಲಮ್ಮ” ಎಂದರು ಚಿರಂತನರು, ನೆಬೀಸಮ್ಮನ ಕಡೆ ನೋಡಿ. “ನಮ್ಮವರಿಗೆ ಕಲಿಸ್ತೀರಾ?”

ನೆಬೀಸಮ್ಮ ಆಗಲೆಂದು ತಲೆ ಆಡಿಸಿದರು. ಜನ ಮತ್ತೆ ಚಪ್ಪಾಳೆ ತಟ್ಟಿದರು. ಈ ಸಲದ್ದು ಯಾರಿಗೆ ಎಂದು ಗಿರಿಧರ ಆಮೇಲೆ ಅವರನ್ನು ಕೇಳಿದ್ದುಂಟು. ಇಬ್ಬರಿಗೂ ಸೇರಿ ಇರಬೇಕು ಎಂದರು ನೆಬೀಸಮ್ಮ.

ಸಭೆಯಲ್ಲಿ ಹೇಳಿದ್ದು ಸಭೆಯಲ್ಲೇ ಉಳಿಯುತ್ತದೆ ಎಂದು ಅವರೇ ಅಂದುಕೊಂಡಿದ್ದರು. ಹಾಗಾಗಲಿಲ್ಲ. ಮಾರ್ಚಿನಲ್ಲಿ ಟ್ರಸ್ಟಿನಿಂದ ಮೂವರು ಯುವತಿಯರು ಬಂದು, ದರ್ಬೆಯ ಆ ಕೋಣೆಯಲ್ಲಿ ನಾಲ್ಕು ದಿನ ಕೂತು ಕಲಿತರು. ಅವರಲ್ಲಿ ಸಮೀಕ್ಷಾ ಎಂಬವಳು ಪಟ್ಟಿಯ ಅಳತೆಗಳನ್ನೆಲ್ಲ ಚಿತ್ರ ಬಿಡಿಸಿ ಬರೆದುಕೊಂಡಳು, ಗುಂಡಿಯ ಬದಲು ಕೊಕ್ಕೆ ಹಾಕಿದರೆ ವಯಸ್ಸಾದವರಿಗೆ ಸುಲಭ ಎಂದು ಸೂಚಿಸಿದಳು. ನೆಬೀಸಮ್ಮ ಹಾಕಿ ನೋಡಿದರು, ಹೌದು, ಸುಲಭವೇ. ತನ್ನ ಪಟ್ಟಿಗೂ ಇನ್ನು ಮೇಲೆ ಕೊಕ್ಕೆಯೇ ಎಂದು ಹೇಳಿದರು.

ಪೇಟೆಯ ಮಾತೂ ಬದಲಾಯಿತು. ಪ್ರಶಸ್ತಿ ಯಾರಿಗೆ ಸಲ್ಲಬೇಕಿತ್ತು ಎಂಬ ಜಗಳ ತಣಿದು, ನಮ್ಮ ದರ್ಬೆಯ ಪಟ್ಟಿ ರಾಜ್ಯಕ್ಕೆಲ್ಲ ಹೋಗುತ್ತದಂತೆ ಎಂಬ ಹೆಮ್ಮೆ ಹುಟ್ಟಿತು. ಗಿರಿಧರ ಮುಂದಿನ ಪದ್ಮಶ್ರೀಗೆ ನೆಬೀಸಕ್ಕನ ಹೆಸರನ್ನು ತಾನೇ ಆನ್‌ಲೈನಿನಲ್ಲಿ ಕಳಿಸುತ್ತೇನೆಂದು ಹೊರಟ. ಕಳಿಸುವುದಾದರೆ ಕಳಿಸು, ಅದಕ್ಕೆ ಮೊದಲು ಮಂಗಳೂರಿಂದ ದಪ್ಪ ನೂಲಿನ ಉಂಡೆ ತರಿಸಿ ಕೊಡು ಎಂದರು ಅವರು. ಬೇಡ ಎಂದು ಮಾತ್ರ ಹೇಳಲಿಲ್ಲ.

ಮೇ ತಿಂಗಳಲ್ಲಿ ಸುಳ್ಯದಲ್ಲಿ ಶಿಬಿರವಾಯಿತು. ಅಲ್ಲಿ ಕೊಟ್ಟ ಎಲ್ಲ ಕಾಲುಗಳಿಗೂ ಹೊಸ ಮಾದರಿಯ ಪಟ್ಟಿ. ನೆಬೀಸಮ್ಮ ಒಂದು ಬದಿಯಲ್ಲಿ ಮಿಷನು ಇಟ್ಟುಕೊಂಡು, ಸಡಿಲವಾದದ್ದನ್ನು ಬಿಗಿ ಮಾಡಿ ಕೊಡುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಕಡಬದ ಕಡೆಯ ಹೆಂಗಸೊಬ್ಬಳು, ದೇವಕಿ ಎಂದು ಹೆಸರು, ಹೊಸ ಕಾಲಿನಲ್ಲಿ ಮೆಲ್ಲ ಮೆಲ್ಲನೆ ನಡೆದು ಅವರ ಹತ್ತಿರ ಬಂದಳು. ಒಳಗಿನ ಮೆತ್ತನೆಯ ಬಟ್ಟೆಯನ್ನು ಬೆರಳಲ್ಲಿ ಮುಟ್ಟಿ ತೋರಿಸಿ, ಇದನ್ನು ಯೋಚಿಸಿದವರು ಯಾರೆಂದು ಕೇಳಿದಳು.

“ನಾನೇ” ಎಂದರು ನೆಬೀಸಮ್ಮ. “ದಿನಾ ಒಗೀಬೇಕು, ಮರೀಬೇಡ. ಬದಲಿಸ್ಲಿಕ್ಕೆ ಇನ್ನೊಂದು ಬಟ್ಟೆ ಕೊಡ್ತೇನೆ, ಕೂತುಕೋ.”