ಬಾಗಿಲ ಸಂದಿನ ಷಡ್ಜ

ಕಡಲಾಚೆಯ ಎಡಿಸನ್ ಊರಿನಲ್ಲಿ ನನಗೆ ಸಂಗೀತ ಕಲಿಸಿದ ಆಂಟಿ, ಹಿಮ ಬೀಳುವಾಗಲೂ ತಮ್ಮ ಬೇಸ್‌ಮೆಂಟಿನ ಹೊರಬಾಗಿಲನ್ನು ಬೆರಳಗಲ ತೆರೆದೇ ಇಡುತ್ತಿದ್ದರು. ಹೊಸ್ತಿಲ ಬಳಿ ಒಂದು ಬಟ್ಟಲು ಅಕ್ಕಿ ಇರುತ್ತಿತ್ತು. ವಾರವಿಡೀ ಎರಡು ಸಾವಿರದ ಇಸವಿಗೆಂದು ಕಂಪ್ಯೂಟರುಗಳ ವೈಟುಕೆ ಕೋಡ್ ತಿದ್ದಿ ಶನಿವಾರ ಮಧ್ಯಾಹ್ನ ಬರುತ್ತಿದ್ದ ನಾವು ಕೋಟು ತೆಗೆಯದೆ ಹಾಡುತ್ತಿದ್ದೆವು.

ಕೃತಿ ಕಲಿಸುವ ಮುನ್ನ ಆಂಟಿ ಅದನ್ನು ರಚಿಸಿದ ವಾಗ್ಗೇಯಕಾರರ ಎಳವೆಯ ಕಥೆ ಹೇಳುವರು. ತಂದೆ ತೀರಿಕೊಂಡ ಮೇಲೆ ಅವರು ಜೋಳಿಗೆ ಹಿಡಿದು ಮನೆಮನೆಯ ಮುಂದೆ ಹಾಡಿ ಅಕ್ಕಿ ಬೇಡಿದರಂತೆ. ಎಷ್ಟೋ ಮನೆಯವರು ಬಾಗಿಲು ಹಾಕಿಕೊಂಡರಂತೆ. ಅದು ಇನ್ನೂರು ವರ್ಷದ ಹಿಂದಿನ ಮಾತು. ಆಂಟಿ ಮಾತ್ರ ಈಗಷ್ಟೇ ಅವರನ್ನು ಕಂಡು ಬಂದವರಂತೆ ಮುಗಿಸುವರು: "ಪಾಪ, ಇನ್ನೂ ಊಟ ಆಗಿಲ್ಲ ಅವರಿಗೆ."

ಒಮ್ಮೆ ಹಾಡಿನ ನಡುವೆ ಪವರ್ ಹೋಯಿತು. ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ್ದ ಶ್ರುತಿಪೆಟ್ಟಿಗೆ ಸುಮ್ಮನಾಯಿತು. ಆದರೆ ಬಾಗಿಲ ಸಂದಿನಿಂದ ಯಾರೋ ಷಡ್ಜ ಹಿಡಿದು ನಿಂತ ದನಿ ಬರುತ್ತಿತ್ತು. ಅದು ನಮ್ಮ ಶ್ರುತಿಗಿಂತ ತುಸು ಕೆಳಗಿತ್ತು.

"ಆಂಟಿ, ಔಟ್‌ಸೈಡ್ ಯಾರೋ ಹಾಡ್ತಿದಾರೆ," ಎಂದೆ.

"ಹಸಿವಿಗೆ ದನಿ ಇಳಿದಿದೆ ಕಣಪ್ಪ. ನೀವು ಇಳೀಬೇಡಿ, ಹಾಡ್ತಾ ಇರಿ."

ಆಂಟಿ ಎದ್ದು, ಸಂದನ್ನು ಕೈ ಹಿಡಿಸುವಷ್ಟು ಅಗಲಿಸಿ, ಬೊಗಸೆ ತುಂಬ ಅಕ್ಕಿಯನ್ನು ಹೊರಗೆ ಚಾಚಿದರು. ಜೋಳಿಗೆ ಒಡ್ಡಲು ಬೇಕಾದಷ್ಟು ಹೊತ್ತು ಆ ದನಿ ನಿಂತಿತು. ಮತ್ತೆ ಕೇಳಿಸಿದಾಗ ಅದು ನಮ್ಮ ಶ್ರುತಿಗೆ ಸೇರಿತ್ತು.

ಅಂದು ಮೊದಲ ಬಾರಿಗೆ ಆಂಟಿ ಬಾಗಿಲು ಮುಚ್ಚಿದರು. ದನಿ ನಮ್ಮ ಜೊತೆ ಒಳಗೇ ಇತ್ತು.